ಗಂಟಲ ಬೇನೆಗೂ ಕ್ಯಾಮೆರಾ? ಬಿಸಿ ಕಂಡರೆ ಸಾಲದು, ಸ್ವಾಮಿ!

ಚಿತ್ರದುರ್ಗ: ಚಳಿಗಾಳಿ ಕೋಟೆ ಗುಡ್ಡದಿಂದಿಳಿದು ಊರೊಳಗೆ ನುಗ್ಗಿತು ಅಂದ್ರೆ ಮನೆಮನೆಯಲ್ಲೂ ಒಂದೇ ರಾಗ. "ಅಮ್ಮಾ, ಎಂಜಲು ನುಂಗೋಕಾಗ್ತಿಲ್ಲ." ಹಿರಿಯೂರಿನಲ್ಲಿ ಹೆದ್ದಾರಿ ಧೂಳು, ಹೊಳಲ್ಕೆರೆ-ಹೊಸದುರ್ಗದ ಕಡೆ ಅದಿರು ಲಾರಿ ಧೂಳು. ದೂರೋದಕ್ಕೆ ಕಾರಣಗಳಿಗೇನೂ ಬರವಿಲ್ಲ. ಎರಡು ದಿನ ಉಪ್ಪುನೀರು, ಮೆಣಸಿನ ಕಷಾಯ. ಮೂರನೇ ದಿನ ಅಪ್ಪ ಸೀದಾ ಮೆಡಿಕಲ್ ಶಾಪಿಗೆ. "ಸಾರ್, ಗಂಟಲು ನೋವಿಗೆ ಒಳ್ಳೇದು ನಾಲ್ಕು ಮಾತ್ರೆ ಕೊಡಿ." ಡಾಕ್ಟರ ಚೀಟಿ? ಅದ್ಯಾರಿಗೆ ಬೇಕು!

ಇಂಥ ಗಂಟಲಿನ ಕಡೆಗೂ ಥರ್ಮಲ್ ಕ್ಯಾಮೆರಾ ತಿರುಗಿಸಬಹುದೇ ಎಂಬ ಮಾತು ಈಗ ಕೇಳಿಬರುತ್ತಿದೆ. ಅಂಗೈಯಲ್ಲಿ ಹಿಡಿಯುವಂಥದ್ದು, ಮೊಬೈಲಿಗೆ ಸಿಕ್ಕಿಸುವಂಥದ್ದು ಎರಡೂ ಇವೆ. ಇದು ಬೆಳಕನ್ನಲ್ಲ, ಮೈ ಸೂಸುವ ಬಿಸಿಯನ್ನು ನೋಡುತ್ತದೆ. ಸೋಂಕು ತಗುಲಿದ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಅಲ್ಲಿ ಬಿಸಿ ಏರುತ್ತದೆ, ಪರದೆಯ ಮೇಲೆ ಕೆಂಪು ಹಳದಿ ಮೂಡುತ್ತದೆ. ಒಂದು ಡಿಗ್ರಿಯ ಹತ್ತನೇ ಒಂದು ಪಾಲಿನ ವ್ಯತ್ಯಾಸವನ್ನೂ ಒಳ್ಳೆಯ ಕ್ಯಾಮೆರಾ ಹಿಡಿಯುತ್ತದೆ. ಮುಟ್ಟುವಂತಿಲ್ಲ, ಚುಚ್ಚುವಂತಿಲ್ಲ, ಎಕ್ಸ್‌ರೇ ಭಯವಿಲ್ಲ. ಚಮಚ ಕಂಡೊಡನೆ ಹಲ್ಲು ಕಚ್ಚಿ ಕೂರುವ ಹುಡುಗನಿಗೆ ಇದಕ್ಕಿಂತ ಸುಖ ಇನ್ನೇನು ಬೇಕು?

ನಮ್ಮ ನಾಡಿಗೆ ಇದು ತೀರಾ ಹೊಸದೂ ಅಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಗೀತಾ ಮಂಜುನಾಥ್ ಮತ್ತು ಸಂಗಡಿಗರು ಕಟ್ಟಿದ 'ನಿರಾಮೈ' ಸಂಸ್ಥೆ ಇಂಥ ಬಿಸಿಯ ಚಿತ್ರವನ್ನು ಕಂಪ್ಯೂಟರಿಗೆ ಓದಿಸಿ, ಹೆಂಗಸರ ಸ್ತನ ಕ್ಯಾನ್ಸರಿನ ಸುಳಿವು ಹುಡುಕುತ್ತಿದೆ. ಆದರೆ ಅಲ್ಲೂ ಕ್ಯಾಮೆರಾ ಕೊಡುವುದು ಸುಳಿವು ಮಾತ್ರ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಕೊನೆಯ ಮಾತು ಬಯಾಪ್ಸಿಯದ್ದೇ.

ಗಂಟಲಿನ ವಿಷಯದಲ್ಲಿ ತೊಡಕು ಇನ್ನೂ ಜಾಸ್ತಿ. ವೈರಸ್ ಬಂದರೂ ಗಂಟಲು ಬಿಸಿ, ಬ್ಯಾಕ್ಟೀರಿಯಾ ಬಂದರೂ ಬಿಸಿ. ಬಿಸಿ ಚಹಾ ಕುಡಿದು ಬಂದರೂ ಬಿಸಿಯೇ! ಏಪ್ರಿಲ್ ಬಿಸಿಲಲ್ಲಿ ಹಿರಿಯೂರು ಬಸ್‌ಸ್ಟ್ಯಾಂಡಿನಿಂದ ನಡೆದು ಬಂದ ಮಗುವಿನ ಕುತ್ತಿಗೆ ಕ್ಯಾಮೆರಾಕ್ಕೆ ಹೇಗೆ ಕಂಡೀತು? ತಂಪಾದ ಕೋಣೆಯಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ ಆಮೇಲೆ ಚಿತ್ರ ತೆಗೆಯಬೇಕು. ಸೋಮವಾರದ ಓ.ಪಿ. ಸಾಲಿನಲ್ಲಿ ಇದಾಗುವ ಮಾತೇ? 2020ರಲ್ಲಿ ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿದ 'ಗನ್ನು' ನೆನಪಿದೆಯಲ್ಲ? ಜ್ವರವಿಲ್ಲದ ಸೋಂಕಿನವರನ್ನು ಅದು ಹಾಗೇ ಒಳಗೆ ಬಿಟ್ಟಿತ್ತು. ಗಂಟಲು ನೋವಿನ ವೈದ್ಯಕೀಯ ಮಾರ್ಗಸೂಚಿಗಳಲ್ಲಿ ಈ ಕ್ಯಾಮೆರಾಕ್ಕೆ ಇನ್ನೂ ಜಾಗ ಸಿಕ್ಕಿಲ್ಲ. ನಮ್ಮ ಜಿಲ್ಲೆಯ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ದುರ್ಗದ ಬಿಸಿಲು-ಧೂಳಿನಲ್ಲಿ ಇದರ ಕಣ್ಣು ಎಷ್ಟು ಸೂಕ್ಷ್ಮ ಎಂದು ನೋಡಲು ದೂರದ ಊರಿಗೇನೂ ಹೋಗಬೇಕಿಲ್ಲ.

ಇಷ್ಟೆಲ್ಲ ತಲೆಬಿಸಿ ಯಾಕೆ ಅಂದರೆ, ಗಂಟಲು ನೋವು ಗಂಟಲಲ್ಲೇ ಮುಗಿಯುವುದಿಲ್ಲ. ಮಕ್ಕಳ ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್ಸಿನವು, ತಾವಾಗಿ ಹೋಗುತ್ತವೆ. ಆದರೆ ನೂರಕ್ಕೆ ಇಪ್ಪತ್ತು ಮೂವತ್ತು 'ಸ್ಟ್ರೆಪ್' ಎಂಬ ಬ್ಯಾಕ್ಟೀರಿಯಾದ್ದು. ಅದನ್ನು ಸರಿಯಾಗಿ ಹೊಡೆಯದೆ ಬಿಟ್ಟರೆ ಕೆಲವು ಮಕ್ಕಳಿಗೆ ಎರಡು ಮೂರು ವಾರದ ಮೇಲೆ ರುಮ್ಯಾಟಿಕ್ ಜ್ವರ. ಮೊಣಕಾಲು ಊದುತ್ತದೆ, ಇಳಿಯುತ್ತದೆ. ಮನೆಯವರು ಮರೆತೂ ಬಿಡುತ್ತಾರೆ. ಒಳಗೆ ಹೃದಯದ ವಾಲ್ವ್ ಕೆಡುತ್ತಾ ಹೋಗಿರುತ್ತದೆ. ವರ್ಷಗಳು ಕಳೆದು, ಬಸುರಿ ಹೆಣ್ಣುಮಗಳಿಗೆ ಏದುಸಿರು ಬಂದಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ದಾರಿ. ಅಲ್ಲಿ ಬಲೂನ್ ಹಾಕಿ ವಾಲ್ವ್ ಬಿಡಿಸುತ್ತಾರೆ, ನಿಜ. ಆದರೆ ಆರಂಭದಲ್ಲೇ ಬೇಕಿದ್ದದ್ದು ಒಂದು ಪೆನಿಸಿಲಿನ್ ಸೂಜಿ! ನೋವು ಶುರುವಾದ ಒಂಬತ್ತು ದಿನದೊಳಗೆ ಕೊಟ್ಟರೂ ಹೃದಯ ಉಳಿಯುತ್ತದೆ.

ಹಾಗಂತ ಎಲ್ಲರಿಗೂ ಆಂಟಿಬಯಾಟಿಕ್ ಸುರಿಯುವುದೂ ತಪ್ಪು. ವೈರಸ್ಸಿಗೆ ಅದು ನಾಟುವುದಿಲ್ಲ. ಎರಡು ದಿನ ನುಂಗಿ ಬಿಟ್ಟರೆ ಬ್ಯಾಕ್ಟೀರಿಯಾವೂ ಪಳಗುತ್ತದೆ. ಸ್ಟ್ರೆಪ್ಪಿಗೆ ಮಾತ್ರೆಯಾದರೆ ಪೂರಾ ಹತ್ತು ದಿನ. ಮಾತ್ರೆ ಹಾಳೆಯ ಮೇಲಿನ ಕೆಂಪು ಗೆರೆ ನೋಡಿದ್ದೀರಾ? ಚೀಟಿಯಿಲ್ಲದೆ ನುಂಗಬೇಡಿ ಎಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಮಾಡಿದ್ದು ಅದನ್ನೇ.

ಕ್ಯಾಮೆರಾ ಇಲ್ಲದೆಯೂ ಡಾಕ್ಟರು ನೋಡುವ ನಾಲ್ಕು ಗುರುತುಗಳಿವೆ: ಜ್ವರ, ಕೆಮ್ಮಿಲ್ಲದಿರುವುದು, ಕುತ್ತಿಗೆ ಮುಂಭಾಗದ ಗಂಟು ಮುಟ್ಟಿದರೆ ನೋವು, ಟಾನ್ಸಿಲ್ ಊದಿ ಅದರ ಮೇಲೆ ಬಿಳಿ ಕೀವು. ಮೂರೋ ನಾಲ್ಕೋ ಇದ್ದರೆ ಗಂಟಲಿಗೆ ಹತ್ತಿಕಡ್ಡಿ ಒತ್ತಿ ಪರೀಕ್ಷೆಗೆ ಕಳಿಸಬೇಕು. ಕಲ್ಚರ್ ವರದಿಗೆ ಒಂದೆರಡು ದಿನ, ತ್ವರಿತ ಕಿಟ್ಟಿಗೆ ಕೆಲವೇ ನಿಮಿಷ. ಮಗು ಜೊಲ್ಲು ಸುರಿಸುತ್ತಾ ನೀರೂ ನುಂಗಲಾಗದೆ ಉಸಿರಿಗೆ ಒದ್ದಾಡುತ್ತಿದ್ದರೆ, ಗಂಟಲಲ್ಲಿ ಬೂದು ಪೊರೆ ಕಂಡರೆ, ಯಾವ ಕಷಾಯಕ್ಕೂ ಕಾಯದೆ ಆಸ್ಪತ್ರೆಗೆ ಓಡಿ. ಅದು ಗಂಟಲುಮಾರಿಯೂ ಆಗಿರಬಹುದು.

ಕ್ಯಾಮೆರಾ ಬರಲಿ, ಬೇಡ ಅನ್ನೋರು ಯಾರು? ಯಾವ ಮಗುವಿಗೆ ಮೊದಲು ಹತ್ತಿಕಡ್ಡಿ ಎಂದು ಹೇಳಿಕೊಟ್ಟರೂ ಉಪಕಾರವೇ. ಆದರೆ ಬೆಂಜಥೀನ್ ಪೆನಿಸಿಲಿನ್ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಆಸ್ಪತ್ರೆಗಳ ಕಪಾಟಿನಲ್ಲಿ ಇವತ್ತು ಅದು ಎಷ್ಟು ಬಾಟಲಿ ಇದೆ, ಹತ್ತಿಕಡ್ಡಿ ಪರೀಕ್ಷೆ ವಾರದಲ್ಲಿ ಎಷ್ಟು ನಡೆಯುತ್ತದೆ? ಜಿಲ್ಲಾ ಆರೋಗ್ಯಾಧಿಕಾರಿಗಳು ಲೆಕ್ಕ ಕೊಟ್ಟರೆ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.