ಮುಕ್ತಕವೂ ಯಂತ್ರದ ಕೈಪಿಡಿಯೂ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಯಂತ್ರಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬ, ತನ್ನ ಕಾರ್ಖಾನೆಯ ಕೈಪಿಡಿಯ ಕನ್ನಡವನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡ. ಓದುತ್ತ ಹೋದಂತೆ, ಭಾಷೆಯನ್ನು ತಿದ್ದಿದ ಮಾತ್ರಕ್ಕೆ ಮುಗಿಯುವ ಕೆಲಸ ಇದಲ್ಲವೆಂದು ಮನವರಿಕೆಯಾಯಿತು.

ಹೊಲಿಗೆಯಂತ್ರಗಳು ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬರುತ್ತವೆ. ಅವಕ್ಕೆ ಒಂದೇ ಕೈಪಿಡಿ ಸಾಕು. ಗಿರಾಕಿಯ ಬೇಡಿಕೆಗೆ ತಕ್ಕಂತೆ ಕಟ್ಟುವ ಯಂತ್ರಗಳ ಮಾತು ಬೇರೆ. ಒಂದಕ್ಕೆ ಸಾಗುಪಟ್ಟಿ, ಇನ್ನೊಂದಕ್ಕೆ ಗಾಳಿಯ ಒತ್ತಡದ ಸಿಲಿಂಡರು, ಮತ್ತೊಂದಕ್ಕೆ ಎರಡೂ. ಹಳೆಯ ಕೈಪಿಡಿಯನ್ನೇ ನಕಲು ಮಾಡಿ ಅಲ್ಲಲ್ಲಿ ತಿದ್ದಿದರೆ, ಇಲ್ಲದ ಭಾಗದ ವರ್ಣನೆ ಉಳಿದುಹೋಗುತ್ತದೆ. ಇರುವ ಭಾಗದ ಎಚ್ಚರಿಕೆ ಬಿಟ್ಟುಹೋಗುತ್ತದೆ. ಆದಕಾರಣ ಒಂದೊಂದು ಭಾಗಕ್ಕೂ ಒಂದೊಂದು ಸ್ವತಂತ್ರ ಘಟಕವನ್ನು ಬರೆದಿಟ್ಟು, ಯಂತ್ರದ ಭಾಗಪಟ್ಟಿಯನ್ನು ನೋಡಿ ಬೇಕಾದವನ್ನು ಮಾತ್ರ ಜೋಡಿಸುವ ಪದ್ಧತಿ ಬೆಳೆಯಿತು. ಯುರೋಪಿನ ವಿಮಾನೋದ್ಯಮ 1980ರ ದಶಕದಲ್ಲಿ ಇಂಥದೊಂದು ಮಾನಕವನ್ನು ರೂಪಿಸತೊಡಗಿತು, ಐ.ಬಿ.ಎಂ. ಸಂಸ್ಥೆಯಲ್ಲಿ ಹುಟ್ಟಿದ 'ಡಿಟಾ' ಎಂಬ ವ್ಯವಸ್ಥೆ 2005ರಲ್ಲಿ ಎಲ್ಲರ ಬಳಕೆಗೂ ಮಾನಕವಾಯಿತು.

ನಮ್ಮ ಕಾವ್ಯಮೀಮಾಂಸೆಯಲ್ಲಿ ಮುಕ್ತಕವೆಂದರೆ ಹಿಂದುಮುಂದಿನ ಪದ್ಯಗಳ ಹಂಗಿಲ್ಲದೆ ತಾನೇ ಅರ್ಥಕೊಡುವ ಪದ್ಯ. ಕೈಪಿಡಿಯ ಘಟಕವೂ ಹಾಗೆಯೇ ಇರಬೇಕು. "ಮೇಲೆ ಹೇಳಿದಂತೆ" ಎಂದು ಅಲ್ಲಿ ಬರೆಯುವಂತಿಲ್ಲ. ಮೇಲೆ ಯಾವುದು ಬಂದೀತೆಂದು ಬರೆಯುವವನಿಗೇ ತಿಳಿಯದು. ಇನ್ನೊಂದು ನಿಯಮ ನನ್ನಂಥವನಿಗೆ ತುಸು ಕಹಿ. ಒಂದೇ ವಸ್ತುವನ್ನು ಕವಚ, ಮುಚ್ಚಳ, ಹೊದಿಕೆ ಎಂದು ಬಗೆಬಗೆಯಾಗಿ ಕರೆದರೆ ನಾವು ಶಬ್ದಸಂಪತ್ತೆಂದು ಮೆಚ್ಚುತ್ತೇವೆ. ಯಂತ್ರದ ಮುಂದೆ ನಿಂತವನು ಮೂರು ವಸ್ತುಗಳನ್ನು ಹುಡುಕುತ್ತಾನೆ.

ಆದರೆ ಮುಕ್ತಕಗಳನ್ನು ಪೇರಿಸಿದ ಮಾತ್ರಕ್ಕೆ ಪ್ರಬಂಧವಾಗುವುದಿಲ್ಲ. ಶಿಷ್ಯ ನನ್ನ ಬಳಿಗೆ ಬಂದದ್ದು ಕೆಲಸಗಾರನೊಬ್ಬನ ಎರಡು ಬೆರಳುಗಳು ಜಜ್ಜಿಹೋದ ಮೇಲೆ. ವಿದ್ಯುತ್ತಿನ ಘಟಕದಲ್ಲಿ, ಕವಚ ತೆರೆಯುವ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಬೇಕೆಂದಿತ್ತು. ಸಿಲಿಂಡರಿನ ಘಟಕದಲ್ಲಿ, ಒಳಗಿನ ಗಾಳಿಯನ್ನು ಹೊರಬಿಡಬೇಕೆಂದಿತ್ತು. ಎರಡೂ ಸರಿಯೇ. ಆತ ಮೊದಲನೆಯದನ್ನು ಪಾಲಿಸಿ ಕೈಯಿಟ್ಟ. ವಿದ್ಯುತ್ತು ನಿಂತರೂ ಒಳಗೆ ಒತ್ತಡ ಉಳಿದಿತ್ತು. ಸಿಕ್ಕಿಕೊಂಡಿದ್ದ ಪೆಟ್ಟಿಗೆಯನ್ನು ಬಿಡಿಸುತ್ತಲೇ ದಂಡ ಮುಂದಕ್ಕೆ ನುಗ್ಗಿತು. ಈ ಯಂತ್ರದಲ್ಲಿ ಎರಡೂ ಶಕ್ತಿಗಳಿವೆ, ಎರಡನ್ನೂ ಅಡಗಿಸಬೇಕು ಎನ್ನುವ ಮಾತು ಯಾವ ಘಟಕಕ್ಕೂ ಸೇರಿದ್ದಲ್ಲ. ಆದ್ದರಿಂದ ಅದನ್ನು ಯಾರೂ ಬರೆದಿರಲಿಲ್ಲ.

ಎರಡು ಪದಗಳು ಕೂಡುವಲ್ಲಿ ಸಂಧಿಕಾರ್ಯ ನಡೆಯುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆ ಕಾರ್ಖಾನೆಯ ಕೈಪಿಡಿಗಳಿಗೂ 'ಸಂಧಿಪುಟ'ವೊಂದನ್ನು ಸೇರಿಸಿದೆವು. ಯಂತ್ರವನ್ನು ನಿಲ್ಲಿಸುವ ಪೂರ್ಣ ಕ್ರಮ ಅದರಲ್ಲಿರುತ್ತದೆ. ಅದನ್ನು ಬೇರೆ ಕೈಪಿಡಿಯಿಂದ ತೆಗೆಯುವಂತಿಲ್ಲ, ಪ್ರತಿಯೊಂದು ಯಂತ್ರಕ್ಕೂ ಅದರ ಪಕ್ಕದಲ್ಲೇ ನಿಂತು ಹೊಸದಾಗಿ ಬರೆಯಬೇಕು. ಮೊದಲ ಪುಟವನ್ನು ಗಟ್ಟಿಯಾಗಿ ಓದಿದವನು ಆ ಕೆಲಸಗಾರನೇ. ಮೂರನೆಯ ವಾಕ್ಯದಲ್ಲಿ ಅವನು ತಡವರಿಸಿದ. ನಾನು ಆ ವಾಕ್ಯವನ್ನು ಬದಲಾಯಿಸಿದೆ.