ಕ್ರಿಪ್ಟೋಕರೆನ್ಸಿ ಪ್ರತಿಫಲದ ಬ್ಲಾಗ್ ಬರವಣಿಗೆ

ಕ್ರಿಪ್ಟೋಕರೆನ್ಸಿ ಪ್ರತಿಫಲದ ಬ್ಲಾಗ್ ಬರವಣಿಗೆ ಎಂದರೆ, ಓದುಗರು ನೀಡುವ ಮತಗಳ ಆಧಾರದ ಮೇಲೆ ಲೇಖಕರಿಗೆ ಡಿಜಿಟಲ್ ಟೋಕನ್‌ಗಳ ರೂಪದಲ್ಲಿ ಸಂಭಾವನೆ ದೊರೆಯುವ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವ ಪದ್ಧತಿ. 2016ರಲ್ಲಿ ಆರಂಭವಾದ ಸ್ಟೀಮಿಟ್ ಮತ್ತು 2020ರಲ್ಲಿ ಅದರಿಂದ ಕವಲೊಡೆದ ಹೈವ್ ಈ ಬಗೆಯ ಪ್ರಮುಖ ತಾಣಗಳಾಗಿವೆ. ಇಲ್ಲಿ ಲೇಖಕರಿಗೆ ಸಲ್ಲುವ ಸಂಭಾವನೆಯು ಜಾಹೀರಾತಿನಿಂದ ಬರುವುದಿಲ್ಲ. ಬ್ಲಾಕ್‌ಚೈನ್ ಹೊಸದಾಗಿ ಸೃಷ್ಟಿಸುವ ಟೋಕನ್‌ಗಳಿಂದ ಬರುತ್ತದೆ. ಎಷ್ಟು ಜನ ಓದಿದರು ಎಂಬುದಕ್ಕಿಂತ, ಮತ ನೀಡಿದವರ ಬಳಿ ಎಷ್ಟು ಟೋಕನ್ ಇದೆ ಎಂಬುದೇ ಪ್ರತಿಫಲವನ್ನು ನಿರ್ಧರಿಸುತ್ತದೆ. ಹೀಗಾಗಿ ಇಲ್ಲಿನ ಯಶಸ್ಸು ಬರಹದ ಗುಣಮಟ್ಟ, ಸಮುದಾಯದೊಂದಿಗಿನ ಒಡನಾಟ ಮತ್ತು ಟೋಕನ್ ಬೆಲೆಯ ಏರಿಳಿತ ಈ ಮೂರನ್ನೂ ಅವಲಂಬಿಸಿರುತ್ತದೆ. ಈ ಲೇಖನವು ಆ ವ್ಯವಸ್ಥೆಯ ಕಾರ್ಯವಿಧಾನವನ್ನು ವಿವರಿಸಿ, ಕನ್ನಡದ ಬರಹಗಾರರಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ದಾವಣಗೆರೆ ನಗರ ಮತ್ತು ಹರಿಹರದ ಉದಾಹರಣೆಗಳ ಮೂಲಕ ತಿಳಿಸುತ್ತದೆ.

ಹಿನ್ನೆಲೆ

ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಅವರು ಸ್ಟೀಮಿಟ್‌ನ ಸ್ಥಾಪಕರು. ಅದಕ್ಕೆ ಆಧಾರವಾದ ಸ್ಟೀಮ್ ಬ್ಲಾಕ್‌ಚೈನ್ 2016ರ ಮಾರ್ಚ್‌ನಲ್ಲಿ ಕಾರ್ಯಾರಂಭ ಮಾಡಿತು. ಲೇಖಕರಿಗೆ ಮೊದಲ ಪ್ರತಿಫಲ 2016ರ ಜುಲೈ 4ರಂದು ವಿತರಣೆಯಾಯಿತು. ಲಾರಿಮರ್ 2017ರಲ್ಲಿ ಸಂಸ್ಥೆಯನ್ನು ತೊರೆದರು. ಟೋಕನ್ ಬೆಲೆ ಕುಸಿದ ಕಾರಣ 2018ರ ನವೆಂಬರ್‌ನಲ್ಲಿ ಸಂಸ್ಥೆಯು ತನ್ನ ಸಿಬ್ಬಂದಿಯಲ್ಲಿ ಸುಮಾರು 70% ಮಂದಿಯನ್ನು ಕೆಲಸದಿಂದ ಬಿಡುಗಡೆ ಮಾಡಿತು.

2020ರ ಫೆಬ್ರವರಿಯಲ್ಲಿ ಟ್ರಾನ್ ಸಂಸ್ಥೆಯ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಸಂಸ್ಥೆಯನ್ನು ಖರೀದಿಸಿದರು. ಸಂಸ್ಥೆಯ ವಶದಲ್ಲಿದ್ದ ಅಪಾರ ಪ್ರಮಾಣದ ಟೋಕನ್‌ಗಳ ಮತಾಧಿಕಾರದ ಬಗ್ಗೆ ಬಳಕೆದಾರರ ಸಮುದಾಯಕ್ಕೂ ಹೊಸ ಒಡೆತನಕ್ಕೂ ತೀವ್ರ ಸಂಘರ್ಷ ಉಂಟಾಯಿತು. ಮಾರ್ಚ್ ಆರಂಭದಲ್ಲಿ ಕೆಲವು ವಿನಿಮಯ ಕೇಂದ್ರಗಳು ತಮ್ಮಲ್ಲಿ ಗ್ರಾಹಕರು ಇರಿಸಿದ್ದ ಟೋಕನ್‌ಗಳನ್ನೇ ಬಳಸಿ ಮತ ಚಲಾಯಿಸಿದ್ದರಿಂದ ಜಾಲದ ಆಡಳಿತ ಸಮುದಾಯದ ಕೈತಪ್ಪಿತು. ಇದಕ್ಕೆ ಪ್ರತಿಯಾಗಿ ಸಮುದಾಯದ ಒಂದು ದೊಡ್ಡ ಭಾಗವು 2020ರ ಮಾರ್ಚ್ 20ರಂದು ಹೈವ್ ಎಂಬ ಪ್ರತ್ಯೇಕ ಬ್ಲಾಕ್‌ಚೈನ್ ಅನ್ನು ಆರಂಭಿಸಿತು. ಸಂಸ್ಥೆಯ ಪಾಲು ಮತ್ತು ವಿರೋಧಿ ಬಣವನ್ನು ಬೆಂಬಲಿಸಿದ ಕೆಲವು ಖಾತೆಗಳನ್ನು ಹೊರತುಪಡಿಸಿ, ಉಳಿದವರ ಶಿಲ್ಕು ಮತ್ತು ಬರಹಗಳು ಹೊಸ ಜಾಲದಲ್ಲಿಯೂ ಯಥಾವತ್ತಾಗಿ ಮೂಡಿದವು. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟೀಮ್ ಜಾಲವು 64 ಖಾತೆಗಳಿಂದ ಸುಮಾರು 2.36 ಕೋಟಿ ಸ್ಟೀಮ್ ಟೋಕನ್‌ಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಕೇಂದ್ರೀಯ ಒಡೆಯನಿಲ್ಲದ ಜಾಲವೆಂದು ಪರಿಚಿತವಾದ ತಾಣದಲ್ಲಿಯೂ ಬಹುಮತದ ಪಾಲು ಹೊಂದಿದವರು ನಿಯಮಗಳನ್ನು ಬದಲಿಸಬಲ್ಲರು ಎಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ಪ್ರತಿಫಲದ ಲೆಕ್ಕ

ಸ್ಟೀಮ್ ಮತ್ತು ಹೈವ್ ಎರಡರಲ್ಲಿಯೂ ಮೂರು ಬಗೆಯ ಮೌಲ್ಯಗಳಿವೆ. ಮೊದಲನೆಯದು ಸುಲಭವಾಗಿ ವರ್ಗಾಯಿಸಬಹುದಾದ ಮೂಲ ಟೋಕನ್. ಎರಡನೆಯದು ಮೂಲ ಟೋಕನ್ ಅನ್ನು ಜಾಲದಲ್ಲಿಯೇ ತೊಡಗಿಸಿದಾಗ ದೊರೆಯುವ 'ಪವರ್'. ಮತದ ತೂಕ ಇದರಿಂದ ಬರುತ್ತದೆ. ಮೂರನೆಯದು ಒಂದು ಅಮೆರಿಕನ್ ಡಾಲರ್‌ನ ಆಸುಪಾಸಿನಲ್ಲಿ ಉಳಿಯುವಂತೆ ರೂಪಿಸಲಾದ 'ಡಾಲರ್' ಟೋಕನ್. ಹೈವ್‌ನಲ್ಲಿ ಪವರ್ ಅನ್ನು ಮತ್ತೆ ಮೂಲ ಟೋಕನ್‌ಗೆ ಪರಿವರ್ತಿಸಲು 13 ವಾರಗಳು ಬೇಕಾಗುತ್ತವೆ. ಪ್ರತಿ ವಾರ ಒಂದು ಕಂತು ಬಿಡುಗಡೆಯಾಗುತ್ತದೆ.

ಬರಹವೊಂದು ಪ್ರಕಟವಾದ 7 ದಿನಗಳವರೆಗೆ ಬಂದ ಮತಗಳನ್ನು ಮಾತ್ರ ಪ್ರತಿಫಲಕ್ಕೆ ಪರಿಗಣಿಸಲಾಗುತ್ತದೆ. 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬದಲಾವಣೆಯ ಪ್ರಕಾರ ಪ್ರತಿಫಲದ ಅರ್ಧ ಭಾಗ ಲೇಖಕರಿಗೂ ಉಳಿದರ್ಧ ಮತ ನೀಡಿದವರಿಗೂ ಸಲ್ಲುತ್ತದೆ. ಅದಕ್ಕೂ ಮೊದಲು ಲೇಖಕರ ಪಾಲು 75% ಇತ್ತು. ಹೀಗಾಗಿ ಬರಹದ ಕೆಳಗೆ 8 ಡಾಲರ್ ಎಂದು ಕಂಡರೆ ಲೇಖಕರ ಪಾಲು ಸುಮಾರು 4 ಡಾಲರ್ ಮಾತ್ರ. ರೂಢಿಯ ಆಯ್ಕೆಯಂತೆ ಅದರಲ್ಲಿಯೂ ಅರ್ಧದಷ್ಟು ಪವರ್ ರೂಪದಲ್ಲಿ ಬರುವುದರಿಂದ, ತಕ್ಷಣ ಬಳಸಬಹುದಾದುದು ಸುಮಾರು 2 ಡಾಲರ್.

ಮತಗಳು ಸಮಾನವಲ್ಲ. ತಲಾ 10 ಪವರ್ ಹೊಂದಿದ 100 ಓದುಗರ ಪೂರ್ಣ ಮತಗಳ ಒಟ್ಟು ತೂಕ 1,000 ಆದರೆ, 10,000 ಪವರ್ ಹೊಂದಿದ ಒಬ್ಬನೇ ಓದುಗನ ಮತದ ತೂಕ ಅದರ ಹತ್ತು ಪಟ್ಟು. ಮತ ನೀಡುವ ಶಕ್ತಿಗೂ ಮಿತಿಯಿದೆ. ಒಂದು ಪೂರ್ಣ ಮತಕ್ಕೆ ಶಕ್ತಿಯ ಸುಮಾರು 2% ವ್ಯಯವಾಗುತ್ತದೆ. ದಿನಕ್ಕೆ 20% ಮರಳಿ ತುಂಬಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ ಸುಮಾರು 10 ಪೂರ್ಣ ಮತಗಳನ್ನು ನೀಡುವುದು ಸಾಮಾನ್ಯ ರೂಢಿ. ದೊಡ್ಡ ಪಾಲುದಾರರು ತಮ್ಮ ಮತವನ್ನು ಎಣಿಸಿ ಬಳಸುವುದರಿಂದ, ಹೊಸ ಲೇಖಕನ ಮೊದಲ ಬರಹಗಳಿಗೆ ಕೆಲವೇ ಸೆಂಟ್‌ಗಳು ಬರುವುದು ಅಥವಾ ಏನೂ ಬಾರದಿರುವುದು ಅಸಹಜವಲ್ಲ.

ವಿಷಯದ ಆಯ್ಕೆ

ಜಗತ್ತಿನ ಎಲ್ಲೆಡೆಯೂ ಬರೆಯಬಹುದಾದ ಸಾಮಾನ್ಯ ವಿಷಯಗಳಿಗೆ ಸ್ಪರ್ಧೆ ಹೆಚ್ಚು. ಲೇಖಕನು ತಾನಿರುವ ಸ್ಥಳದಿಂದ ಮಾತ್ರ ಕೊಡಬಲ್ಲ ಬರಹವು ದೂರದ ಓದುಗನಿಗೆ ಬೇರೆಡೆ ಸಿಗುವುದಿಲ್ಲ. ದಾವಣಗೆರೆ ಮತ್ತು ಹರಿಹರದಲ್ಲಿ ಇಂತಹ ವಸ್ತುವಿಗೆ ಕೊರತೆಯಿಲ್ಲ. ಹತ್ತಿಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡ ದಾವಣಗೆರೆಯು ಇಂದು ಬೆಣ್ಣೆದೋಸೆಯಿಂದ ಹೆಚ್ಚು ಪರಿಚಿತವಾಗಿದೆ. ಮಂಡಕ್ಕಿ ಭಟ್ಟಿಗಳಲ್ಲಿ ಭತ್ತವು ಮಂಡಕ್ಕಿಯಾಗುವ ಕ್ರಮ, ಭದ್ರಾ ನಾಲೆಯ ನೀರನ್ನು ನಂಬಿದ ಭತ್ತದ ಬೇಸಾಯ, ಗಿರಣಿಗಳು ಮುಚ್ಚಿದ ಬಳಿಕ ಕಾರ್ಮಿಕರ ಬದುಕು ಇವೆಲ್ಲ ಚಿತ್ರಸಹಿತ ಬರಹಕ್ಕೆ ಒದಗುವ ವಿಷಯಗಳು. ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಶಿವ ಮತ್ತು ವಿಷ್ಣು ಒಂದೇ ಮೂರ್ತಿಯಲ್ಲಿ ಅಲ್ಲಿ ಪೂಜೆಗೊಳ್ಳುತ್ತಾರೆ. ಲೇತ್ ಯಂತ್ರಗಳಿಗೆ ಒಂದು ಕಾಲದಲ್ಲಿ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಹರಿಹರದ್ದೇ.

ಇಂತಹ ವಿಷಯಗಳನ್ನು ಒಂದೇ ಬರಹದಲ್ಲಿ ಮುಗಿಸದೆ ಸರಣಿಯಾಗಿ ಬರೆಯುವುದು ಹೆಚ್ಚು ಫಲಕಾರಿ. 7 ದಿನಗಳ ಬಳಿಕ ಹಳೆಯ ಬರಹಕ್ಕೆ ಪ್ರತಿಫಲ ಬಾರದ ಕಾರಣ, ನಿಯಮಿತವಾಗಿ ಬರೆಯುವವರಿಗೆ ವ್ಯವಸ್ಥೆ ಅನುಕೂಲಕರವಾಗಿದೆ. ವರ್ಷಗಳ ಕಾಲ ಓದಿಸಿಕೊಳ್ಳುವ ಆಕರ ಬರಹಕ್ಕೆ ಇದೇ ನಿಯಮ ಪ್ರತಿಕೂಲವಾಗಿದೆ.

ಭಾಷೆಯ ಪ್ರಶ್ನೆ

ಮತದ ತೂಕ ಪಾಲಿನಿಂದ ಬರುವುದರಿಂದ, ಒಂದು ಭಾಷೆಯ ಬರಹಕ್ಕೆ ದೊರೆಯುವ ಪ್ರತಿಫಲವು ಆ ಭಾಷೆಯನ್ನು ಓದಬಲ್ಲ ಪಾಲುದಾರರನ್ನು ಅವಲಂಬಿಸಿರುತ್ತದೆ. ಹೈವ್‌ನಲ್ಲಿ ಸ್ಪ್ಯಾನಿಷ್ ಭಾಷೆಯ, ಅದರಲ್ಲಿಯೂ ವೆನೆಜುವೆಲಾದ, ಲೇಖಕರು ದೊಡ್ಡ ಸಮುದಾಯವಾಗಿ ಬೆಳೆದಿದ್ದಾರೆ. ಅವರಲ್ಲಿ ಅನೇಕರು ಒಂದೇ ಬರಹವನ್ನು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ನೀಡುತ್ತಾರೆ. ಕನ್ನಡದ ಲೇಖಕರಿಗೂ ಈ ದ್ವಿಭಾಷಾ ಕ್ರಮ ಅನುಸರಣೀಯ: ಮೇಲೆ ಕನ್ನಡ ಪಠ್ಯ, ಕೆಳಗೆ ಇಂಗ್ಲಿಷ್ ಸಾರಾಂಶ ಕೊಟ್ಟರೆ ಎರಡೂ ಬಗೆಯ ಓದುಗರು ಒಳಗೊಳ್ಳುತ್ತಾರೆ.

ಇದರೊಡನೆ ಒಂದು ತಾಂತ್ರಿಕ ಅಂಶವೂ ಇದೆ. 2018ರ ಸೆಪ್ಟೆಂಬರ್‌ನಿಂದ ಪ್ರತಿಯೊಂದು ಕ್ರಿಯೆಗೂ 'ಸಂಪನ್ಮೂಲ ಕ್ರೆಡಿಟ್' ವ್ಯಯವಾಗುತ್ತದೆ. ಅದರ ಪ್ರಮಾಣವನ್ನು ನಿರ್ಧರಿಸುವ ಅಂಶಗಳಲ್ಲಿ ಬರಹದ ಬೈಟ್ ಗಾತ್ರವೂ ಒಂದು. ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ದಾವಣಗೆರೆ' ಎಂಬ ಪದ ಕನ್ನಡದಲ್ಲಿ 24 ಬೈಟ್, ಇಂಗ್ಲಿಷ್‌ನಲ್ಲಿ 10 ಬೈಟ್. ಪವರ್ ಕಡಿಮೆಯಿರುವ ಹೊಸ ಖಾತೆಯಲ್ಲಿ ದೀರ್ಘ ಕನ್ನಡ ಬರಹಗಳನ್ನು ಒಂದರ ಹಿಂದೊಂದು ಪ್ರಕಟಿಸಿದರೆ ಕ್ರೆಡಿಟ್ ಬೇಗನೆ ಬರಿದಾಗುತ್ತದೆ.

ಸಮುದಾಯ ಮತ್ತು ಶಿಸ್ತು

ಹೊಸಬರು ಗಮನ ಸೆಳೆಯುವುದು ಬಹುಮಟ್ಟಿಗೆ ಪ್ರತಿಕ್ರಿಯೆಗಳ ಮೂಲಕ. ಇತರರ ಬರಹವನ್ನು ಓದಿ ಅರ್ಥಪೂರ್ಣವಾಗಿ ಪ್ರತಿಕ್ರಿಯಿಸುವುದು, ವಿಷಯಾಧಾರಿತ ಸಮುದಾಯಗಳಲ್ಲಿ ಅವುಗಳ ನಿಯಮದಂತೆ ಬರೆಯುವುದು ಮತ್ತು ಆರಂಭದ ಗಳಿಕೆಯನ್ನು ಪವರ್ ಆಗಿ ಉಳಿಸಿಕೊಳ್ಳುವುದು ದೀರ್ಘಕಾಲ ಉಳಿದ ಲೇಖಕರಲ್ಲಿ ಕಾಣುವ ಸಾಮಾನ್ಯ ಲಕ್ಷಣಗಳು.

ಹಣ ಕೊಟ್ಟು ಮತ ಕೊಳ್ಳುವ ದಾರಿಯೂ ಹಿಂದೆ ವ್ಯಾಪಕವಾಗಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಚಾವೊ ಲಿ ಮತ್ತು ಬಾಲಾಜಿ ಪಳನಿಸಾಮಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಟೀಮ್ ಜಾಲದಲ್ಲಿನ ಟೋಕನ್ ವರ್ಗಾವಣೆಗಳಲ್ಲಿ 16%ಕ್ಕಿಂತ ಹೆಚ್ಚು ಸ್ವಯಂಚಾಲಿತ ಬಾಟ್‌ಗಳೆಂದು ಶಂಕಿಸಲಾದ ಖಾತೆಗಳಿಗೆ ಸಂದಾಯವಾಗಿದ್ದವು. ಇದನ್ನು ತಡೆಯುವ ಉದ್ದೇಶದಿಂದಲೇ 2019ರ ಬದಲಾವಣೆಯಲ್ಲಿ ವಿರುದ್ಧ ಮತಕ್ಕೆ ಪ್ರತ್ಯೇಕ ಶಕ್ತಿಯನ್ನು ಒದಗಿಸಲಾಯಿತು. ವಿರುದ್ಧ ಮತ ಬಿದ್ದರೆ 7 ದಿನಗಳೊಳಗೆ ಸೇರಿದ ಪ್ರತಿಫಲ ಇಳಿಯುತ್ತದೆ ಅಥವಾ ಶೂನ್ಯವಾಗುತ್ತದೆ. ಸ್ಟೀಮ್‌ಕ್ಲೀನರ್ಸ್, ಹೈವ್‌ವಾಚರ್ಸ್ ಮೊದಲಾದ ಗುಂಪುಗಳು ಕೃತಿಚೌರ್ಯವನ್ನು ಪತ್ತೆಹಚ್ಚುತ್ತವೆ. ದೇವಾಲಯದ ಇತಿಹಾಸವನ್ನು ಪುಸ್ತಕದಿಂದ ನಕಲಿಸುವುದು, ಇತರರ ಛಾಯಾಚಿತ್ರಗಳನ್ನು ಹೆಸರಿಲ್ಲದೆ ಬಳಸುವುದು, ಅನುವಾದವನ್ನು ಸ್ವಂತ ಬರಹವೆಂದು ತೋರಿಸುವುದು ಖಾತೆಯ ಹೆಸರನ್ನೇ ಕೆಡಿಸಬಲ್ಲವು.

ಕೀಲಿಗಳು ಮತ್ತು ಅಳಿಸಲಾಗದ ಬರಹ

ಖಾತೆಗೆ ಬೇರೆ ಬೇರೆ ಅಧಿಕಾರದ ಕೀಲಿಗಳಿರುತ್ತವೆ. ಪೋಸ್ಟಿಂಗ್ ಕೀಲಿಯಿಂದ ಬರೆಯಬಹುದು, ಮತ ನೀಡಬಹುದು. ಆಕ್ಟಿವ್ ಕೀಲಿಯಿಂದ ಹಣ ವರ್ಗಾಯಿಸಬಹುದು. ಓನರ್ ಕೀಲಿಯಿಂದ ಉಳಿದೆಲ್ಲ ಕೀಲಿಗಳನ್ನು ಬದಲಿಸಬಹುದು. ಮೆಮೊ ಕೀಲಿಯು ಗುಪ್ತ ಟಿಪ್ಪಣಿಗಳಿಗೆ ಮೀಸಲು. ದೈನಂದಿನ ಬಳಕೆಗೆ ಪೋಸ್ಟಿಂಗ್ ಕೀಲಿಯೊಂದೇ ಸಾಕು. ಸೈಬರ್ ಸೆಂಟರ್‌ನ ಅಥವಾ ಕಾಲೇಜು ಪ್ರಯೋಗಾಲಯದ ಗಣಕದಲ್ಲಿ ಉಳಿದ ಕೀಲಿಗಳನ್ನು ಬಳಸುವುದು ಅಪಾಯಕಾರಿ. ಕೀಲಿಗಳನ್ನು ಸಂಪೂರ್ಣವಾಗಿ ಕಳೆದುಕೊಂಡವರಿಗೆ ಬ್ಯಾಂಕಿನಂತೆ ಹೊಸ ಪಾಸ್‌ವರ್ಡ್ ನೀಡುವ ಸಂಸ್ಥೆ ಇಲ್ಲಿಲ್ಲ. ಖಾತೆ ಕಳುವಾದಾಗ ಮಾತ್ರ, ಹಳೆಯ ಓನರ್ ಕೀಲಿ ಬಳಿಯಿದ್ದರೆ, 30 ದಿನಗಳೊಳಗೆ ಮರುವಶಕ್ಕೆ ಅವಕಾಶವಿದೆ.

ಬರಹದ ಪಠ್ಯವು ಬ್ಲಾಕ್‌ಚೈನ್‌ನಲ್ಲಿಯೇ ದಾಖಲಾಗುತ್ತದೆ. ನಂತರ ತಿದ್ದಿದರೂ ಮೊದಲಿನ ಆವೃತ್ತಿಯು ಇತಿಹಾಸದಲ್ಲಿ ಉಳಿಯುತ್ತದೆ. ವ್ಯಕ್ತಿಗಳ ವಿಳಾಸ, ದೂರವಾಣಿ ಸಂಖ್ಯೆ, ಕುಟುಂಬದ ಖಾಸಗಿ ವಿವರಗಳನ್ನು ಬರೆಯುವ ಮೊದಲು ಈ ಸಂಗತಿಯನ್ನು ಗಮನದಲ್ಲಿರಿಸಿಕೊಳ್ಳಬೇಕಾಗುತ್ತದೆ.

ಭಾರತದ ಕಾನೂನು ಮತ್ತು ತೆರಿಗೆ

ಭಾರತೀಯ ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರ ಸುತ್ತೋಲೆಯ ಮೂಲಕ, ಕ್ರಿಪ್ಟೋ ವ್ಯವಹಾರಗಳಿಗೆ ಸೇವೆ ಒದಗಿಸದಂತೆ ಬ್ಯಾಂಕುಗಳಿಗೆ ಸೂಚಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಹಣಕಾಸು ಕಾಯ್ದೆಯು ಇಂತಹ ಟೋಕನ್‌ಗಳನ್ನು 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದು ಗುರುತಿಸಿ, ಅವುಗಳ ವರ್ಗಾವಣೆಯಿಂದ ಬಂದ ಲಾಭಕ್ಕೆ 30% ತೆರಿಗೆಯನ್ನೂ, 2022ರ ಜುಲೈ 1ರಿಂದ ನಿಗದಿತ ಮಿತಿಯನ್ನು ಮೀರಿದ ವರ್ಗಾವಣೆಗಳಿಗೆ 1% ಮೂಲದಲ್ಲಿ ತೆರಿಗೆ ಕಡಿತವನ್ನೂ ವಿಧಿಸಿತು. 2023ರ ಮಾರ್ಚ್‌ನಲ್ಲಿ ವಿನಿಮಯ ಕೇಂದ್ರಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು.

ಉದಾಹರಣೆಗೆ, ಹರಿಹರದ ವಿದ್ಯಾರ್ಥಿಯೊಬ್ಬನು 1,000 ರೂಪಾಯಿಗೆ ಕೊಂಡ ಟೋಕನ್‌ಗಳನ್ನು 1,500 ರೂಪಾಯಿಗೆ ಮಾರಿದರೆ, 500 ರೂಪಾಯಿ ಲಾಭಕ್ಕೆ 150 ರೂಪಾಯಿ ತೆರಿಗೆ ಮತ್ತು ಅದರ ಮೇಲೆ 4% ಸೆಸ್ ಸೇರಿ 156 ರೂಪಾಯಿ ಆಗುತ್ತದೆ. ಖರೀದಿ ವೆಚ್ಚದ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದೊಂದಿಗೆ ಸರಿದೂಗಿಸುವಂತಿಲ್ಲ. ಬರಹಕ್ಕೆ ಪ್ರತಿಫಲವಾಗಿ ಬಂದ ಟೋಕನ್ ಕೊಂಡದ್ದಲ್ಲವಾದ್ದರಿಂದ, ಅದು ಕೈಸೇರಿದ ದಿನಾಂಕ, ಸಂಖ್ಯೆ ಮತ್ತು ಆ ದಿನದ ರೂಪಾಯಿ ಮೌಲ್ಯವನ್ನು ದಾಖಲಿಸಿಟ್ಟುಕೊಂಡು ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಸೂಕ್ತ.

ಮಿತಿಗಳು

ಸ್ಟೀಮ್ ಟೋಕನ್‌ನ ಬೆಲೆ 2018ರ ಜನವರಿಯಲ್ಲಿ 8 ಡಾಲರ್ ದಾಟಿತ್ತು. ಅದೇ ವರ್ಷದ ಅಂತ್ಯದಲ್ಲಿ 30 ಸೆಂಟ್‌ಗಿಂತ ಕೆಳಗಿತ್ತು. ಜನವರಿಯಲ್ಲಿ 800 ಡಾಲರ್ ಬೆಲೆಬಾಳುತ್ತಿದ್ದ 100 ಟೋಕನ್‌ಗಳು ಡಿಸೆಂಬರ್‌ನಲ್ಲಿ 30 ಡಾಲರ್‌ಗೂ ಸಾಲುತ್ತಿರಲಿಲ್ಲ. ಈ ಅವಧಿಯಲ್ಲಿ ಲೇಖಕರ ಬರವಣಿಗೆಯಾಗಲಿ ಪರಿಶ್ರಮವಾಗಲಿ ಬದಲಾಗಿರಲಿಲ್ಲ. ವಿನಿಮಯ ಕೇಂದ್ರದಲ್ಲಿ ಇರಿಸಿದ ಹಣಕ್ಕೂ ಅಪಾಯವಿದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಮೇಲೆ ನಡೆದ ಸೈಬರ್ ದಾಳಿಯಲ್ಲಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಟೋಕನ್‌ಗಳು ಕಳುವಾಗಿ, ಗ್ರಾಹಕರು ತಮ್ಮ ಹಣವನ್ನು ಹಿಂಪಡೆಯುವುದು ಸ್ಥಗಿತಗೊಂಡಿತು.

ಈ ಕಾರಣಗಳಿಂದ ಇಂತಹ ತಾಣಗಳ ಗಳಿಕೆಯನ್ನು ಶಾಲಾ ಶುಲ್ಕ, ಮನೆ ಬಾಡಿಗೆಯಂತಹ ನಿಶ್ಚಿತ ವೆಚ್ಚಗಳಿಗೆ ಆಧಾರವಾಗಿ ಪರಿಗಣಿಸಲಾಗದು. ಖಾತೆ ತೆರೆಯಲು ಅಥವಾ ಗಳಿಕೆ ಹೆಚ್ಚಿಸಲು ಮುಂಗಡ ಹಣ ಕೇಳುವವರು, ನಿಶ್ಚಿತ ಮಾಸಿಕ ಲಾಭದ ಭರವಸೆ ನೀಡುವವರು ಈ ವ್ಯವಸ್ಥೆಯ ಭಾಗವಲ್ಲ. ಬರೆದು ಪ್ರತಿಫಲ ಪಡೆಯಲು ಟೋಕನ್ ಕೊಳ್ಳಬೇಕಾದ ಅಗತ್ಯವಿಲ್ಲ. ಪ್ರತಿಫಲ ಕ್ಷೀಣಿಸಿದಾಗಲೂ ಲೇಖಕನ ಬಳಿ ಉಳಿಯುವುದು ಆತನ ಬರಹಗಳ ಸಂಗ್ರಹ, ಓದುಗರ ಪರಿಚಯ ಮತ್ತು ಬರವಣಿಗೆಯ ಅಭ್ಯಾಸ. ಆದ್ದರಿಂದ ಮೂಲ ಪಠ್ಯ ಹಾಗೂ ಚಿತ್ರಗಳ ಪ್ರತಿಯನ್ನು ಸ್ವಂತ ಸಂಗ್ರಹದಲ್ಲಿಯೂ ಕಾಯ್ದಿರಿಸಿಕೊಳ್ಳುವುದು ಉಚಿತ.