ಹೆಸರು ಕಳೆದುಕೊಂಡ ಬಾಟಲಿಗಳು

ಮೇ ತಿಂಗಳ ಕೊನೆ. ಮಂಗಳೂರಿನ ಉರ್ವ ಮಾರ್ಕೆಟಿನ ಕಡೆಯಿಂದ ಬಸ್ಸುಗಳ ಹಾರ್ನು ಕೇಳುತ್ತಿದೆ, ಮೇಲೆ ಮೋಡ ಕಟ್ಟಿದೆ. ಇಲ್ಲಿನ ಪಿಯು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಿಟಕಿಗಳೆಲ್ಲ ತೆರೆದಿವೆ, ಎಕ್ಸಾಸ್ಟ್ ಫ್ಯಾನು ಗರಗರನೆ ತಿರುಗುತ್ತಿದೆ. ಮಳೆ ಹಿಡಿಯುವ ಮೊದಲು ಕಪಾಟು ಖಾಲಿಯಾಗಬೇಕು.

ಅಟೆಂಡರ್ ಒಂದೊಂದೇ ಬಾಟಲಿಯನ್ನು ಮೇಜಿಗೆ ತಂದಿಡುತ್ತಾರೆ. ಕೆಲವುಗಳ ಹೆಗಲ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಅದು ಧೂಳಲ್ಲ. ಒಂದೇ ಹಲಗೆಯಲ್ಲಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಅಮೋನಿಯವೂ ಗಾಳಿಯಲ್ಲಿ ಕೂಡಿ ಆದ ಅಮೋನಿಯಂ ಕ್ಲೋರೈಡ್. ಕಪಾಟಿನ ಬಿಜಾಗರಿ ತುಕ್ಕು ತಿಂದಿರುವುದೂ ಆ ಆಮ್ಲದ ಆವಿಯಿಂದಲೇ. ಎ ಬಿ ಸಿ ಕ್ರಮದಲ್ಲಿ ಜೋಡಿಸಿದರೆ ಹುಡುಕಲು ಸುಲಭ, ನಿಜ. ಆದರೆ ಆ ಕ್ರಮದಲ್ಲಿ ನೈಟ್ರಿಕ್ ಆಮ್ಲದ ಪಕ್ಕಕ್ಕೇ ನೈಟ್ರೋಬೆಂಜೀನ್ ಬಂದು ಕೂರುತ್ತದೆ. ಎರಡೂ ಬೆರೆತರೆ ಸ್ಫೋಟಕ. ಹಾಗಾಗಿ ಅಧ್ಯಾಪಕಿ ಅಕ್ಷರಮಾಲೆ ಬಿಟ್ಟು ಗುಣ ನೋಡಿ ಬೇರ್ಪಡಿಸುತ್ತಿದ್ದಾರೆ: ಆಮ್ಲ ಒಂದು ಕಡೆ, ಕ್ಷಾರ ಇನ್ನೊಂದು ಕಡೆ, ಬೆಂಕಿ ಹಿಡಿಯುವ ದ್ರವಗಳು ಬಾಗಿಲಿನಿಂದ ದೂರ, ಸೀಸ-ಪಾದರಸದ ಲವಣಗಳು ಬೀಗದೊಳಗೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಇದ್ದಲ್ಲಿ ಗ್ಲಿಸರಿನ್ ಇಲ್ಲ. ಔಷಧದಂಗಡಿಯಲ್ಲೇ ಸಿಗುವ ಈ ಎರಡು ಒಂದನ್ನೊಂದು ಮುಟ್ಟಿದರೆ ಕಡ್ಡಿ ಗೀರದೆಯೇ ಬೆಂಕಿ ಏಳುತ್ತದೆ.

ಕರಾವಳಿಯ ತೇವಕ್ಕೆ ಚೀಟಿಯ ಅಂಟು ನಿಲ್ಲುವುದಿಲ್ಲ. ಉಳಿದ ಕಾಗದವನ್ನು ಹುಳ ತಿನ್ನುತ್ತದೆ. ಹಾಗೆ ಹೆಸರು ಹೋದ ಮೂರು ಬಾಟಲಿಗಳು ಮೂಲೆಯಲ್ಲಿವೆ.

"ಇದು ಎಂತ ಅಂತ ಗೊತ್ತಾಗುವುದಿಲ್ಲ ಮೇಡಂ. ಸಿಂಕಿಗೆ ಹಾಕ್ಲಾ?"

"ಬೇಡ ಮಾರಾಯ್ರೆ! ಮರಳಿನ ಟ್ರೇಯಲ್ಲಿ ಇಡಿ. ಮೂಸಿ ನೋಡುವುದೂ ಬೇಡ."

ಸಿಂಕು ಎಂದರೆ ನನಗೂ ಹೆದರಿಕೆ. ಈ ಊರಿನ ಹಿತ್ತಿಲುಗಳಲ್ಲಿ ಇನ್ನೂ ಬಾವಿಗಳಿವೆ. ಮುರಕಲ್ಲಿನ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಪಶ್ಚಿಮಕ್ಕೆ ಸುಲ್ತಾನ್ ಬತ್ತೇರಿ, ಅಲ್ಲೇ ಗುರುಪುರ ನದಿ.

ಈಗ ಗಾಜಿನ ಬೀಕರಿನಲ್ಲಿ ಹಳೆಯ ಡೈಕ್ರೋಮೇಟ್ ದ್ರಾವಣ, ಕಿತ್ತಳೆ ಬಣ್ಣದ್ದು. ನೋಡಲು ಚೆಂದ, ಅದರೊಳಗಿನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಕೈಗವಸು, ಕನ್ನಡಕ ಹಾಕಿದ ಅಧ್ಯಾಪಕಿ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಫೆರಸ್ ಸಲ್ಫೇಟಿನ ತಿಳಿಹಸಿರು ಹರಳುಗಳನ್ನು ಚೂರುಚೂರೇ ಹಾಕಿ ಕಲಕುತ್ತಾರೆ. ಕಿತ್ತಳೆ ಮಂಕಾಗುತ್ತದೆ, ಕಂದಾಗುತ್ತದೆ, ಕೊನೆಗೆ ಪೂರ್ತಿ ಹಸಿರು. ವಿಷ ಇಳಿದಿದೆ, ಹೋಗಿಲ್ಲ. ಸುಣ್ಣದ ನೀರು ಬಿದ್ದೊಡನೆ ಕೊಳೆಹಸಿರು ಗಸಿ ತಳಕ್ಕೆ ಕೂರುತ್ತದೆ. ಅದನ್ನು ಸೋಸಿ, ಒಣಗಿಸಿ, ಡಬ್ಬಿಗೆ ತುಂಬಿ, ಪೆನ್ಸಿಲಿನಲ್ಲಿ ಹೆಸರು, ತಾರೀಖು, ಅಪಾಯ ಬರೆದು ಚೀಟಿ ಅಂಟಿಸುತ್ತಾರೆ. ಮೇಲೆ ಕರಗಿದ ಮೇಣ ಸವರುತ್ತಾರೆ, ಆಷಾಢದ ತೇವ ತಾಗದಿರಲಿ ಎಂದು.

ಡಬ್ಬಿ ಇನ್ನು ಹೋಗುವುದೆಲ್ಲಿಗೆ? ಅಪಾಯಕಾರಿ ತ್ಯಾಜ್ಯವನ್ನು ಹುಟ್ಟಿದ ಜಾಗದಲ್ಲಿ ಇಟ್ಟುಕೊಳ್ಳಲು 2016ರ ನಿಯಮಗಳು ಸಾಮಾನ್ಯವಾಗಿ ಕೊಡುವುದು 90 ದಿನ. ಆಮೇಲೆ ಅದು ಘಟ್ಟ ಹತ್ತಿ ದಾಬಸ್‌ಪೇಟೆಯಂಥ ಅಧಿಕೃತ ವಿಲೇವಾರಿ ಘಟಕ ಸೇರಬೇಕು. ಕಾರ್ಖಾನೆಗಳಿಗೆ ಇದು ಕಷ್ಟವಲ್ಲ. ಎರಡು ಕಿಲೋ ಗಸಿಗೆ ಲಾರಿ ಯಾರು ಕಳಿಸುತ್ತಾರೆ? ಉರ್ವ, ಚಿಲಿಂಬಿ, ಅಶೋಕನಗರದ ಶಾಲೆ-ಕಾಲೇಜುಗಳೆಲ್ಲ ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿಗೆ ಮಾತಾಡಿ, ಮಳೆಗೆ ಮೊದಲು ಒಂದು ದಿನ ಗೊತ್ತುಮಾಡಿದರೆ ಎಲ್ಲರಿಗೂ ಒಂದೇ ಗಾಡಿ ಸಾಕು. ಅದಕ್ಕೂ ಮೊದಲು ಆಗಬೇಕಾದ್ದೊಂದಿದೆ: ವರ್ಷಕ್ಕೆ 20 ಗ್ರಾಂ ಬೇಕಾಗುವ ಲವಣಕ್ಕೆ 500 ಗ್ರಾಂ ಡಬ್ಬಿ ತರಿಸುವುದು ನಿಲ್ಲಬೇಕು.